ಇಂಧನ ಕೋಷ್ಟಕ (ಡೀಸೆಲ್ ಎಂಜಿನ್)

ಇಂಧನ ಕೋಷ್ಟಕ ಎಂಬುದು ಎಂಜಿನ್ನಿನ ಪ್ರತಿಯೊಂದು ಸ್ಥಿತಿಯಲ್ಲಿಯೂ ಒಂದು ಸಿಲಿಂಡರಿಗೆ ಎಷ್ಟು ಇಂಧನವನ್ನು ಸಿಂಪಡಿಸಬೇಕೆಂದು ಸೂಚಿಸುವ ಅಂಕಿಗಳ ಪಟ್ಟಿ. ಇದು ಎಂಜಿನ್ನಿನ ನಿಯಂತ್ರಣ ಘಟಕದ (ಇಸಿಯು) ಸ್ಮೃತಿಯಲ್ಲಿ ಇರುತ್ತದೆ. ಟರ್ಬೊಚಾರ್ಜರ್ ಅಥವಾ ಸೂಪರ್‌ಚಾರ್ಜರ್ ಅಳವಡಿಸಿದ ಲಾರಿಗಳಲ್ಲಿ ಈ ಕೋಷ್ಟಕವನ್ನು ಹೊಂದಿಸುವುದು ಸೂಕ್ಷ್ಮವಾದ ಕೆಲಸ. ಇಂಥ ಎಂಜಿನ್ನಿನೊಳಗೆ ಹೋಗುವ ಗಾಳಿಯ ಪ್ರಮಾಣವು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದೇ ಇದಕ್ಕೆ ಕಾರಣ. ಬಳ್ಳಾರಿ ಜಿಲ್ಲೆಯ ಅದಿರು ಟಿಪ್ಪರುಗಳಲ್ಲಿಯೂ ಸಿರುಗುಪ್ಪ, ಕುರುಗೋಡು ಭಾಗದ ಭತ್ತ ಮತ್ತು ಅಕ್ಕಿ ಸಾಗಿಸುವ ಲಾರಿಗಳಲ್ಲಿಯೂ ಇಂದು ಇರುವುದು ಬಹುತೇಕ ಟರ್ಬೊ ಡೀಸೆಲ್ ಎಂಜಿನ್ನುಗಳೇ.

ಗಾಳಿ ಮತ್ತು ಇಂಧನ

ಒಂದು ಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಬೇಕು. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ಕೊನೆಯ ಗಳಿಗೆಯಲ್ಲಿ ಸಿಂಪಡಣೆಯಾಗುವುದರಿಂದ ಗಾಳಿಯೊಡನೆ ಚೆನ್ನಾಗಿ ಬೆರೆಯಲು ಸಮಯ ಸಾಲದು. ಆದ್ದರಿಂದ 18ರಿಂದ 20 ಪಟ್ಟು ಗಾಳಿ ಇರದಿದ್ದರೆ ಕಪ್ಪು ಹೊಗೆ ಬರಲಾರಂಭಿಸುತ್ತದೆ. ಇದನ್ನು ಹೊಗೆಯ ಮಿತಿ ಎನ್ನುತ್ತಾರೆ.

ಇಲ್ಲಿ ಪೆಟ್ರೋಲ್ ಎಂಜಿನ್ನಿನ ತಿಳಿವಳಿಕೆಯನ್ನು ಹಾಗೆಯೇ ಅನ್ವಯಿಸುವುದು ತಪ್ಪಾಗುತ್ತದೆ. ಪೂರ್ಣ ಭಾರದಲ್ಲಿರುವ ಪೆಟ್ರೋಲ್ ಎಂಜಿನ್ನಿಗೆ ಇಂಧನ ಕಡಿಮೆಯಾದರೆ ಅದು ಅತಿಯಾಗಿ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನು ಬಿಸಿಯಾಗುವುದು ಇಂಧನ ಹೆಚ್ಚಾದಾಗ.

ಉದಾಹರಣೆಗೆ ಆರು ಸಿಲಿಂಡರುಗಳ, 5.9 ಲೀಟರ್ ಸಾಮರ್ಥ್ಯದ ಎಂಜಿನ್ನನ್ನು ತೆಗೆದುಕೊಳ್ಳಬಹುದು. ಇದರ ಒಂದು ಸಿಲಿಂಡರಿನ ಅಳತೆ ಸುಮಾರು 0.98 ಲೀಟರ್. ಬಳ್ಳಾರಿಯ 40 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಟರ್ಬೊ ಇನ್ನೂ ವೇಗ ಪಡೆಯದಿದ್ದಾಗ, ಆ ಸಿಲಿಂಡರಿಗೆ ಸುಮಾರು 0.94 ಗ್ರಾಂ ಗಾಳಿ ಸಿಗುತ್ತದೆ. 20 ಪಟ್ಟಿನ ಲೆಕ್ಕದಲ್ಲಿ ಇದಕ್ಕೆ ಸಲ್ಲುವ ಇಂಧನ 47 ಮಿಲಿಗ್ರಾಂ ಮಾತ್ರ. ಟರ್ಬೊ ಪೂರ್ಣವಾಗಿ ತಿರುಗಿ, ಒಳಹೋಗುವ ಗಾಳಿಯ ಒಟ್ಟು ಒತ್ತಡ 2 ಬಾರ್ ಆಗಿ, ಇಂಟರ್‌ಕೂಲರ್ ಅದನ್ನು 60 ಡಿಗ್ರಿಗೆ ತಂಪಾಗಿಸಿದರೆ ಗಾಳಿ ಸುಮಾರು 1.85 ಗ್ರಾಂ ಆಗುತ್ತದೆ. ಆಗ 92 ಮಿಲಿಗ್ರಾಂ ಇಂಧನ ಕೊಡಬಹುದು. ಚಾಲಕನು ಎರಡೂ ಸಂದರ್ಭಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿರಬಹುದು. ಆದರೂ ಕೊಡಬೇಕಾದ ಇಂಧನ ಸುಮಾರು ಎರಡು ಪಟ್ಟು ಬೇರೆ. ಈ ವ್ಯತ್ಯಾಸವನ್ನು ಕಾಯುವುದೇ ಕೋಷ್ಟಕದ ಕೆಲಸ.

ಕೋಷ್ಟಕದ ರಚನೆ

ಕೋಷ್ಟಕದ ಒಂದು ಅಂಚಿನಲ್ಲಿ ಎಂಜಿನ್ನಿನ ವೇಗವೂ (ನಿಮಿಷಕ್ಕೆ ಸುತ್ತುಗಳು) ಇನ್ನೊಂದು ಅಂಚಿನಲ್ಲಿ ಗಾಳಿಯ ಒತ್ತಡ ಅಥವಾ ಚಾಲಕನ ಬೇಡಿಕೆಯೂ ಇರುತ್ತವೆ. ಎರಡೂ ಸೇರುವ ಮನೆಯಲ್ಲಿ ಮಿಲಿಗ್ರಾಂ ಲೆಕ್ಕದ ಒಂದು ಅಂಕಿ ಇರುತ್ತದೆ. ಎರಡು ಮನೆಗಳ ನಡುವಿನ ಸ್ಥಿತಿಗೆ ಘಟಕವು ಸರಾಸರಿಯ ಕ್ರಮದಲ್ಲಿ ಲೆಕ್ಕ ಹಾಕುತ್ತದೆ. 1.4 ಬಾರ್ ಒತ್ತಡಕ್ಕೆ 60 ಮಿಲಿಗ್ರಾಂ, 1.6 ಬಾರ್ ಒತ್ತಡಕ್ಕೆ 70 ಮಿಲಿಗ್ರಾಂ ಎಂದಿದ್ದರೆ 1.5 ಬಾರ್ ಒತ್ತಡದಲ್ಲಿ 65 ಮಿಲಿಗ್ರಾಂ ಸಿಂಪಡಣೆಯಾಗುತ್ತದೆ.

ವಾಸ್ತವವಾಗಿ ಕೋಷ್ಟಕ ಒಂದಲ್ಲ, ಹಲವು. ಚಾಲಕನ ಬೇಡಿಕೆ, ಹೊಗೆಯ ಮಿತಿ, ಎಂಜಿನ್ನಿನ ಗರಿಷ್ಠ ಬಲ, ಶೀತಕದ ಉಷ್ಣತೆ ಇವುಗಳಿಗೆ ಬೇರೆಬೇರೆ ಕೋಷ್ಟಕಗಳಿದ್ದು, ಅವುಗಳಲ್ಲಿ ಅತಿ ಕಡಿಮೆ ಅಂಕಿ ಯಾವುದೋ ಅದೇ ಅಂತಿಮವಾಗಿ ಜಾರಿಗೆ ಬರುತ್ತದೆ. ಒಂದು ಕೋಷ್ಟಕದ ಅಂಕಿಯನ್ನು ಏರಿಸಿದರೂ ಲಾರಿಯ ಎಳೆತ ಹೆಚ್ಚದೇ ಇರುವುದು ಸಾಮಾನ್ಯ. ಇನ್ನೊಂದು ಕೋಷ್ಟಕ ಅದನ್ನು ತಡೆದಿರುತ್ತದೆ.

ಸೂಪರ್‌ಚಾರ್ಜರ್ ಮತ್ತು ಟರ್ಬೊಚಾರ್ಜರ್

ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟು ಅಥವಾ ಗಿಯರಿನಿಂದಲೇ ತಿರುಗುತ್ತದೆ. ಎಂಜಿನ್ನಿನ ವೇಗ ತಿಳಿದರೆ ಗಾಳಿ ಎಷ್ಟೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ, ಕೋಷ್ಟಕ ಸರಳವಾಗಿರುತ್ತದೆ. ಅಮೆರಿಕದ ಡೆಟ್ರಾಯಿಟ್ ಡೀಸೆಲ್ 71 ಸರಣಿ ಮತ್ತು ಬ್ರಿಟನ್ನಿನ ಕಾಮರ್ ಟಿಎಸ್3 ಎಂಬ ಎರಡು ಸ್ಟ್ರೋಕಿನ ಲಾರಿ ಎಂಜಿನ್ನುಗಳಲ್ಲಿ ಇಂಥ ಗಾಳಿಯಂತ್ರಗಳಿದ್ದವು. ಟರ್ಬೊಚಾರ್ಜರ್ ಹೊಗೆಕೊಳವೆಯ ಬಿಸಿ ಅನಿಲದಿಂದ ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬೂಚಿ 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಒಂದೇ ವೇಗದಲ್ಲಿದ್ದರೂ ಖಾಲಿ ಲಾರಿಯ ಟರ್ಬೊ ಕಡಿಮೆ ಗಾಳಿಯನ್ನೂ ತುಂಬಿದ ಲಾರಿಯ ಟರ್ಬೊ ಹೆಚ್ಚು ಗಾಳಿಯನ್ನೂ ಕೊಡುವುದರಿಂದ ಒತ್ತಡವನ್ನು ಅಳೆಯುವ ಸೆನ್ಸರ್ ಇಲ್ಲದೆ ಕೋಷ್ಟಕ ಕೆಲಸ ಮಾಡದು.

ಪಂಪಿನಿಂದ ಘಟಕಕ್ಕೆ

ಇಸಿಯು ಬರುವ ಮೊದಲು ಈ ಕೆಲಸವನ್ನು ಇಂಧನ ಪಂಪು ಮಾಡುತ್ತಿತ್ತು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಸಂಸ್ಥೆ (2008ರಿಂದ ಬಾಷ್ ಲಿಮಿಟೆಡ್) ತಯಾರಿಸಿದ ಪಂಪುಗಳು ದೇಶದ ಲಾರಿಗಳಲ್ಲಿ ವ್ಯಾಪಕವಾಗಿದ್ದವು. ಟರ್ಬೊ ಇರುವ ಎಂಜಿನ್ನಿನ ಪಂಪಿಗೆ ಒಂದು ರಬ್ಬರ್ ಪೊರೆ ಮತ್ತು ಸ್ಪ್ರಿಂಗ್ ಇರುತ್ತಿದ್ದವು. ಗಾಳಿಯ ಒತ್ತಡ ಏರಿ ಪೊರೆಯನ್ನು ಒತ್ತಿದಾಗಲೇ ಪೂರ್ಣ ಇಂಧನ ಹೋಗುತ್ತಿತ್ತು. ಅದು ಕೋಷ್ಟಕದ ಯಾಂತ್ರಿಕ ರೂಪವೇ ಸರಿ. ಪಂಪಿನ ಮೊಹರು ಒಡೆದು ತಿರುಪು ತಿರುಗಿಸಿ ಎಳೆತ ಹೆಚ್ಚಿಸುವುದೂ ಆಗಿನ ಕಾಲದಿಂದ ಬಂದ ರೂಢಿ. ಇಂದಿನ ಕಾಮನ್ ರೈಲ್ ವ್ಯವಸ್ಥೆಯಲ್ಲಿ ತಿರುಪಿನ ಬದಲು ಲ್ಯಾಪ್‌ಟಾಪ್ ಬಂದಿದೆ.

ಬಳ್ಳಾರಿಯ ಹವೆ ಮತ್ತು ಭಾರ

ಬಳ್ಳಾರಿ ನಗರವು ಸಮುದ್ರಮಟ್ಟದಿಂದ ಸುಮಾರು 485 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಸಮುದ್ರಮಟ್ಟದ 15 ಡಿಗ್ರಿ ಹವೆಗೆ ಹೋಲಿಸಿದರೆ ಇಲ್ಲಿನ ಮೇ ತಿಂಗಳ ಮಧ್ಯಾಹ್ನದ ಗಾಳಿ ಶೇ. 13ರಷ್ಟು ತೆಳು. ಇದನ್ನು ತುಂಬಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ. ಅದಿರಿನ ಕೆಂಧೂಳು ಏರ್ ಫಿಲ್ಟರನ್ನೂ ಇಂಟರ್‌ಕೂಲರಿನ ಹೊರಮೈಯನ್ನೂ ಮುಚ್ಚಿದರೆ ಗಾಳಿ ಮತ್ತಷ್ಟು ಕಡಿಮೆಯಾಗುತ್ತದೆ. ತಂಪು ಊರಿನಲ್ಲಿ ಹೊಂದಿಸಿದ ಕೋಷ್ಟಕ ಇಲ್ಲಿ ಹೊಗೆ ಉಗುಳುವುದು ಹೀಗೆ. ಫಿಲ್ಟರ್ ಬದಲಿಸಿದರೆ ಸರಿಹೋಗುವ ದೋಷಕ್ಕೆ ಕೋಷ್ಟಕವನ್ನು ತಿದ್ದಿಸುವವರೂ ಇದ್ದಾರೆ.

ಸಂಡೂರಿನ ಗುಡ್ಡಗಳಲ್ಲಿ ಅದಿರು ತುಂಬಿ ಏರುವ ಟಿಪ್ಪರಿಗೆ ಕಡಿಮೆ ವೇಗದಲ್ಲಿ, ದೀರ್ಘಕಾಲ ಪೂರ್ಣ ಬಲ ಬೇಕು. ತುಂಗಭದ್ರಾ ಕಾಲುವೆಯ ನೀರಾವರಿಯುಳ್ಳ ಸಿರುಗುಪ್ಪ, ಕುರುಗೋಡಿನ ಸಮತಟ್ಟಾದ ಎರೆಭೂಮಿಯಲ್ಲಿ ಭತ್ತದ ಮೂಟೆ ಹೊತ್ತ ಲಾರಿಗೆ ಬೇಕಾದುದು ಮಧ್ಯಮ ವೇಗದ ಮೈಲೇಜು. ಒಂದರ ಕೋಷ್ಟಕ ಇನ್ನೊಂದಕ್ಕೆ ಒಪ್ಪುವುದಿಲ್ಲ. ಅದಿರು ಲಾರಿಗಳ ಅತಿಭಾರವನ್ನು ಕರ್ನಾಟಕ ಲೋಕಾಯುಕ್ತರ 2011ರ ಗಣಿಗಾರಿಕೆ ವರದಿಯೂ ದಾಖಲಿಸಿತ್ತು. ಅದೇ ವರ್ಷ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಸಾವಿರಾರು ಲಾರಿಗಳು ನಿಂತುಹೋದವು.

ಹೊಂದಿಸುವ ಕ್ರಮ

ಮೊದಲು ಫಿಲ್ಟರ್, ನಾಜಲ್, ಗಾಳಿಯ ಕೊಳವೆಗಳ ಸೋರಿಕೆ ಇವುಗಳನ್ನು ಪರೀಕ್ಷಿಸಿ, ಮೂಲ ಕೋಷ್ಟಕದ ಪ್ರತಿಯೊಂದನ್ನು ಉಳಿಸಿಕೊಳ್ಳಬೇಕು. ಅನಂತರ ಡೈನಮೋಮೀಟರಿನ ಮೇಲೆ ಎಂಜಿನ್ನಿಗೆ ಭಾರ ಕೊಟ್ಟು, ಒಂದೊಂದೇ ವೇಗದಲ್ಲಿ ನಿಲ್ಲಿಸಿ, ಗಾಳಿಯ ಒತ್ತಡ, ಹೊಗೆ ಮತ್ತು ಹೊಗೆಕೊಳವೆಯ ಉಷ್ಣತೆಯನ್ನು ಅಳೆಯಲಾಗುತ್ತದೆ. ಅಂಕಿಯನ್ನು ಒಂದು ಸಲಕ್ಕೆ ಒಂದೆರಡು ಮಿಲಿಗ್ರಾಂಗಿಂತ ಹೆಚ್ಚು ಏರಿಸಬಾರದು. ಟರ್ಬೊದ ಮುಂಚಿನ ಅನಿಲ 700 ಡಿಗ್ರಿ ದಾಟಿ ಅಲ್ಲಿಯೇ ನಿಂತರೆ ಅಪಾಯ ಸಮೀಪಿಸಿತೆಂದು ತಿಳಿಯಬೇಕು. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ನನ್ನು ಎಣ್ಣೆಯ ಸಿಂಪಡಣೆ ತಂಪಾಗಿಡುತ್ತದೆ ನಿಜ, ಆದರೆ ಘಟ್ಟವೇರುವ ಹತ್ತು ನಿಮಿಷ ಅದಕ್ಕೆ ಕಠಿಣ ಪರೀಕ್ಷೆ. ಖಾಲಿ ಲಾರಿಯನ್ನು ರಸ್ತೆಯಲ್ಲಿ ಓಡಿಸಿ ನೋಡಿದಾಗ ಇದಾವುದೂ ಕಾಣಿಸದು.

ಕಾನೂನು ಮತ್ತು ಮಾಲಿನ್ಯ

ದೇಶದಾದ್ಯಂತ ಬಿಎಸ್-4 ಮಾನದಂಡ 2017ರ ಏಪ್ರಿಲ್ 1ರಿಂದ, ಬಿಎಸ್-6 ಮಾನದಂಡ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಡೀಸೆಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ವಿಧಿಯಂತೆ ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಬಿಎಸ್-6 ಲಾರಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವೂ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಇರುತ್ತವೆ. ಕೋಷ್ಟಕದಲ್ಲಿ ಇಂಧನ ಹೆಚ್ಚಿಸಿದರೆ ಮಸಿ ಹೆಚ್ಚಿ ಶೋಧಕ ಕಟ್ಟಿಕೊಳ್ಳುತ್ತದೆ. ಯೂರಿಯಾ ಸಿಂಪಡಣೆಯನ್ನು ಕೋಷ್ಟಕದಿಂದ ಅಳಿಸಿದರೆ ಲಾರಿ ಓಡುತ್ತದೆ, ಯೂರಿಯಾದ ಖರ್ಚೂ ಉಳಿಯುತ್ತದೆ; ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳು ಮಾತ್ರ ರಸ್ತೆಬದಿಯ ಊರುಗಳ ಗಾಳಿಗೆ ನೇರವಾಗಿ ಸೇರುತ್ತವೆ. ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುವ ಸಾಮಾನ್ಯ ಪಿಯುಸಿ ತಪಾಸಣೆಯಲ್ಲಿ ಇದು ಪತ್ತೆಯಾಗುವುದಿಲ್ಲ.