ಮಲ್ಲಿಗೆ ಕೃಷಿಯ ಅರಿವು ಮತ್ತು ಆಚರಣೆ: ಶಂಕರಪುರದ ಸಣ್ಣ ಬೆಳೆಗಾರರನ್ನು ಕುರಿತು

ಸಣ್ಣ ಹೂಬೆಳೆಗಾರರ ತಾಂತ್ರಿಕ ಜ್ಞಾನವನ್ನು ಅಳೆಯುವ ಕೃಷಿ ವಿಸ್ತರಣಾ ಅಧ್ಯಯನಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತವೆ: ಶಿಫಾರಸಾದ ಪದ್ಧತಿ ರೈತನಿಗೆ ತಿಳಿದಿದೆಯೆ? ತಿಳಿದಿದ್ದರೆ ಅದನ್ನು ಅಳವಡಿಸಿಕೊಂಡಿದ್ದಾನೆಯೆ? ಇವೆರಡರ ನಡುವಣ ಅಂತರವನ್ನು ಉದಾಸೀನವೆಂದು ಅರ್ಥೈಸುವುದು ಸುಲಭ. ಉಡುಪಿ ಜಿಲ್ಲೆಯ ಶಂಕರಪುರ ಪರಿಸರದ ಮಲ್ಲಿಗೆ ಕೃಷಿಯನ್ನು ಜಾನಪದ ದೃಷ್ಟಿಯಿಂದ ಪರಿಶೀಲಿಸಿದಾಗ ಈ ತೀರ್ಮಾನ ನಿಲ್ಲುವುದಿಲ್ಲ.

ಇಲ್ಲಿ ಮಲ್ಲಿಗೆ ಮನೆಯಂಗಳದ ಬೆಳೆ. ಬುಡದಲ್ಲಿ ಮಳೆನೀರು ನಿಲ್ಲದಂತೆ ಮಣ್ಣು ಏರಿಸುವುದು, ಸೆಗಣಿ ಹಾಗೂ ನೆಲಗಡಲೆ ಹಿಂಡಿಯ ಗೊಬ್ಬರ ಕೊಡುವುದು, ರೆಂಬೆ ಸವರುವುದು ಬೆಳೆಗಾರರಿಗೆ ಚೆನ್ನಾಗಿ ತಿಳಿದ ಸಂಗತಿಗಳು. ಆದರೆ ಸವರಿದ ಗಿಡ ಕೆಲವು ವಾರ ಹೂ ಕೊಡುವುದಿಲ್ಲ. ನಿತ್ಯದ ಖರ್ಚಿಗೆ ಹೂವನ್ನೇ ನಂಬಿದ ಮನೆ ಆ ಕೆಲಸವನ್ನು ಮುಂದೂಡಿದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. ಬೇಸಿಗೆಯಲ್ಲಿ ಹೂ ಹೆಚ್ಚಿದಾಗ ದರ ಕುಸಿಯುತ್ತದೆ. ಮದುವೆ, ಭೂತಕೋಲಗಳ ದಿನಗಳಲ್ಲಿ ಏರುತ್ತದೆ. ದರ ನಿಗದಿಯಾಗುವುದು ಅಂದಂದೇ, ಮೊಗ್ಗು ಕೊಯ್ದ ಮೇಲೆ.

ಇನ್ನೊಂದು ಅಂಶ ಹೆಚ್ಚು ಗಮನಾರ್ಹವಾದುದು. ಸಂಜೆ ಅರಳಲಿರುವ ಮೊಗ್ಗನ್ನು ಬೆಳಗ್ಗೆಯೇ ಗುರುತಿಸಿ ಕೊಯ್ಯಬೇಕು. ಹಸಿರು ಮಾಸದ ಎಳೆಮೊಗ್ಗು ಕೊಯ್ದರೆ ಅರಳದು. ಬಿರಿದ ಹೂ ಪೇಟೆ ತಲುಪುವ ಮುನ್ನ ಬಾಡುತ್ತದೆ. ಈ ವಿವೇಚನೆಯೂ ಬಾಳೆನಾರಿನಲ್ಲಿ ಕಟ್ಟುವ ಕೌಶಲವೂ ಬಹುಪಾಲು ಮಹಿಳೆಯರಲ್ಲಿವೆ. 800 ಮೊಗ್ಗುಗಳಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ 3,200 ಮೊಗ್ಗು. ಈ ವ್ಯವಹಾರದಲ್ಲಿ ಹೂವಿಗೆ ತಕ್ಕಡಿಯಿಲ್ಲ, ಕೈಯೆಣಿಕೆಯೇ ಪ್ರಮಾಣ. ಕುಟುಂಬದ ಯಜಮಾನನನ್ನು ಮಾತ್ರ ಪ್ರಶ್ನಿಸುವ ಸಮೀಕ್ಷೆಗೆ ಈ ಜ್ಞಾನ ಕಾಣುವುದೇ ಇಲ್ಲ.

ಮೈಸೂರು ಮತ್ತು ಹಡಗಲಿ ಮಲ್ಲಿಗೆಗಳಂತೆ ಉಡುಪಿ ಮಲ್ಲಿಗೆಗೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯಬಲ್ಲದು. ಕೊಯ್ಯುವ ಕಣ್ಣನ್ನೂ ಕಟ್ಟುವ ಬೆರಳನ್ನೂ ಕಾಯಲಾರದು. ಮುಂದಿನ ತಲೆಮಾರು ನಸುಕಿನ ಈ ದುಡಿಮೆಯನ್ನು ಬಿಟ್ಟರೆ ಗಿಡ ಉಳಿದೀತು, ಅಟ್ಟೆ ಉಳಿಯದು. ಆದುದರಿಂದ ಬೇಸಾಯ ಪದ್ಧತಿಗಳ ದಾಖಲೀಕರಣವು ಹೊಲದಲ್ಲಿ ಆರಂಭವಾಗಿ ಹೂ ಕಟ್ಟುವ ಜಗಲಿಯವರೆಗೂ ಸಾಗಬೇಕಾದುದು ಅಗತ್ಯ.