ಬಯಲಿಗೂ ಬೇಕು ರಕ್ಷಣೆ

ಹುಬ್ಬಳ್ಳಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ರೈಲು ಯಲವಿಗಿಯಲ್ಲಿ ನಿಂತಾಗ ಕಿಟಕಿಯಿಂದ ನಮಗೆ ಕಾಣುವುದೇನು? ಎರೆಯ ಹೊಲ, ಅದರಾಚೆ ಮತ್ತೊಂದು ಹೊಲ, ಬದುವಿನ ಮೇಲೆ ಒಂದೆರಡು ಜಾಲಿ. ವನ್ಯಮೃಗಗಳ ರಕ್ಷಣೆಯೆಂದೊಡನೆ ನಮ್ಮ ಮನಸ್ಸು ಬಂಡೀಪುರಕ್ಕೋ ನಾಗರಹೊಳೆಗೋ ಹಾರುವುದಲ್ಲದೆ ಈ ಬಯಲಿನ ಮೇಲೆ ನಿಲ್ಲುವುದಿಲ್ಲ. ಮರವಿದ್ದಲ್ಲಿ ಮೃಗವುಂಟು ಎಂಬ ಲೆಕ್ಕವನ್ನು ನಾವೆಲ್ಲರೂ ಬಾಲ್ಯದಿಂದ ನಂಬಿಬಂದವರು. ಆ ಲೆಕ್ಕವು ಇದೇ ಸೀಮೆಯಲ್ಲಿ ತಪ್ಪಿದ ಬಗೆಯನ್ನು ಇಂದು ವಿಚಾರಿಸೋಣ.

ಇದೇ ಹಳಿಯ ಮೇಲೆ ಹಾವೇರಿ, ಬ್ಯಾಡಗಿಗಳನ್ನು ದಾಟಿದರೆ ರಾಣೆಬೆನ್ನೂರು ಸಿಗುವುದು. ಅದರ ಸಮೀಪದಲ್ಲಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರು ನೆಲವನ್ನು ವನ್ಯಧಾಮವೆಂದು ಘೋಷಿಸಿದರು. ಅಲ್ಲಿ ಕಾಪಾಡಬೇಕಾಗಿದ್ದುದು ಮುಖ್ಯವಾಗಿ ಎರಡು ಜೀವಿಗಳನ್ನು. ಒಂದು ಕೃಷ್ಣಮೃಗ; ಈ ಕಡೆಯವರ ಮಾತಿನಲ್ಲಿ ಚಿಗರಿ. ಇನ್ನೊಂದು, ಎರೆಭೂತವೆಂಬ ಹಕ್ಕಿ. ಹೆಸರು ಕೇಳಿ ಬೆದರಬೇಕಾದುದಿಲ್ಲ. ಎರೆಯ ನೆಲದಲ್ಲಿ ಆಳೆದೆಯುದ್ದ ನಿಂತು, ನೋಡುನೋಡುತ್ತಿದ್ದಂತೆ ಹುಲ್ಲಿನಲ್ಲಿ ಮರೆಯಾಗುವ ಈ ಹಕ್ಕಿಗೆ ಹಳ್ಳಿಗರು ಇಟ್ಟ ಹೆಸರು ಬಹಳ ಒಪ್ಪುತ್ತದೆಂದೇ ನಮ್ಮ ಅಭಿಪ್ರಾಯ.

ಇವೆರಡೂ ಬಯಲನ್ನು ಆಶ್ರಯಿಸಿದುದಕ್ಕೆ ಕಾರಣವುಂಟು. ಚಿಗರಿಗೆ ಕಣ್ಣು ಕಾವಲು, ಕಾಲು ಕೋಟೆ. ತೋಳನನ್ನು ದೂರದಲ್ಲಿಯೇ ಕಂಡು ಓಡಿ ಬದುಕುವ ಪ್ರಾಣಿಯದು. ಎರೆಭೂತವಾದರೋ ಬರಿಯ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ತತ್ತಿಯನ್ನಿಡುತ್ತದೆ. ಸುತ್ತಲೂ ದೃಷ್ಟಿ ಹರಿಯದಿದ್ದರೆ ಅದಕ್ಕೆ ನೆಮ್ಮದಿಯಿಲ್ಲ. ಗಂಡು ಹಕ್ಕಿ ಹತ್ತು ಹದಿನೈದು ಕಿಲೋ ತೂಗುವುದುಂಟು. ಅಂತಹ ಭಾರದ ಹಕ್ಕಿ ಮರಗಳ ನಡುವೆ ನುಸುಳಿ ಹಾರಲಾರದು.

ಆದರೆ ಹುಲ್ಲು ಬಿಟ್ಟ ನೆಲವನ್ನು ಬಂಜರೆಂದು ಬರೆಯುವುದು ನಮ್ಮ ಹಳೆಯ ರೂಢಿ. ಬಂಜರೆಂದ ಮೇಲೆ ಅದನ್ನು ಹಸಿರು ಮಾಡಬೇಕಷ್ಟೆ! ಈ ಧಾಮದ ಬಹುಭಾಗದಲ್ಲಿ ನೀಲಗಿರಿಯ ತೋಪುಗಳು ಎದ್ದವು. ನೆಟ್ಟವರ ಉದ್ದೇಶ ಕೆಟ್ಟದ್ದಲ್ಲ. ಕಾವಲಿನಿಂದ ಚಿಗರಿಗೆ ಮೊದಮೊದಲು ಒಳ್ಳೆಯದೇ ಆಯಿತು. ಅದು ತೋಪಿಗೂ ಒಗ್ಗಿ ಸಾವಿರಗಟ್ಟಲೆಯಾಗಿ ಬೆಳೆದು, ರಾತ್ರಿ ರೈತರ ಪೈರಿಗೆ ಬಾಯಿ ಹಾಕಿ ಬೈಗಳನ್ನೂ ತಿನ್ನುತ್ತಿದೆ. ಎರೆಭೂತಕ್ಕೆ ಅಂತಹ ಜಾಣತನವಿರಲಿಲ್ಲ. ಮರ ಬೆಳೆದಂತೆ ಅದು ವಿರಳವಾಗಿ, ಕಡೆಗೆ ಕಾಣದೆಯೇ ಹೋಯಿತು. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ.

ನಮ್ಮ ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ನಡೆದಾಗ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಈ ಎರೆಭೂತದ ಪರವಾಗಿಯೇ ವಾದಿಸಿದ್ದರು. ೧೯೬೩ರಲ್ಲಿ ಆ ಗೌರವ ನವಿಲಿಗೆ ಸಂದಿತು. ನವಿಲಿನ ಅದೃಷ್ಟವನ್ನು ನೋಡಬೇಕಾದರೆ ಯಲವಿಗಿಯಿಂದ ಸವಣೂರಿನ ಮಾರ್ಗವಾಗಿ ಬಂಕಾಪುರದ ಕೋಟೆಗೆ ಹೋಗಬೇಕು. ಅದು ೨೦೦೬ರಿಂದ ನವಿಲುಧಾಮ. ವಿಶೇಷವೇನೆಂದರೆ, ನವಿಲಿಗಾಗಿ ಅಲ್ಲಿ ಯಾರೂ ತೋಪು ಬೆಳೆಸಲಿಲ್ಲ. ಖಿಲಾರಿ ದನಗಳ ತಳಿಸಂವರ್ಧನೆಗೆಂದು ಕೋಟೆಯ ನೆಲವನ್ನು ಕಾಯ್ದರು, ಮೇವು ಬೆಳೆದರು, ಪೊದೆಗಳನ್ನು ಇದ್ದಂತೆಯೇ ಬಿಟ್ಟರು. ದನಗಳ ಜೊತೆಗೆ ನವಿಲುಗಳೂ ಉಳಿದುಕೊಂಡವು.