ಚುಕ್ಕಿಗೆರೆಯ ಮೇಲೆ ಯಾರೂ ಬರೆಯುವುದಿಲ್ಲ

ಮುಕ್ತ ವಿಶ್ವವಿದ್ಯಾನಿಲಯಗಳ ಪಾಠಪುಸ್ತಕವನ್ನು ನೋಡಿದೊಡನೆ ಗುರುತಿಸಬಹುದು. ಘಟಕದ ಆರಂಭದಲ್ಲೇ ಉದ್ದೇಶಗಳ ಪಟ್ಟಿ. ನಾಲ್ಕೈದು ಪುಟಕ್ಕೊಂದು ಚೌಕಟ್ಟು, ಅದರೊಳಗೆ ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’ ಎಂಬಂಥ ತಲೆಬರಹ, ಎರಡೋ ಮೂರೋ ಪ್ರಶ್ನೆ, ಪ್ರತಿ ಪ್ರಶ್ನೆಯ ಕೆಳಗೆ ಬರೆಯಲು ಚುಕ್ಕಿಗೆರೆ. ಉತ್ತರ ಬೇಕಾದರೆ ಘಟಕದ ಕೊನೆಗೆ ಹೋಗಬೇಕು. ಶಿಕಾರಿಪುರದಲ್ಲೋ ಸೊರಬದಲ್ಲೋ ಅಕ್ಕನಿಂದ ತಂಗಿಗೆ, ಅಲ್ಲಿಂದ ಪಕ್ಕದ ಮನೆಯ ಸೊಸೆಗೆ ದಾಟಿ ಬಂದ ಇಂಥದೊಂದು ಪುಸ್ತಕ ಸಿಕ್ಕರೆ ಬಿಡಿಸಿ ನೋಡಿ. ಸಾಲುಗಳ ಕೆಳಗೆ ಪೆನ್ನಿನ ಗೀಟು, ಅಂಚಿನಲ್ಲಿ ‘ಇಂಪಾರ್ಟೆಂಟ್’, ಹಳದಿ ಹೈಲೈಟರ್ ಎಲ್ಲ ಇರುತ್ತವೆ. ಚುಕ್ಕಿಗೆರೆ ಮಾತ್ರ ಬಹುಮಟ್ಟಿಗೆ ಅಚ್ಚಾದ ದಿನ ಇದ್ದ ಹಾಗೇ ಇರುತ್ತದೆ. ದೂರಶಿಕ್ಷಣದ ನೀತಿಯನ್ನು ಎಲ್ಲಿಂದ ರಿಪೇರಿ ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಬೆರಳಿಡುವ ಜಾಗ ಅದೇ.

ನಮ್ಮಲ್ಲಿ ಈ ವಿಷಯದ ಚರ್ಚೆ ಸಾಮಾನ್ಯವಾಗಿ ಬೇರೆಲ್ಲೋ ನಡೆಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1992ರ ಕಾಯ್ದೆಯ ಅಡಿಯಲ್ಲಿ, 1996ರ ಜೂನ್ 1ರಂದು, ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2012-13ರ ನಂತರ ಯುಜಿಸಿ ಮಾನ್ಯತೆ ನಿಂತು, 2018-19ಕ್ಕೆ ಮರಳಿತು. ನಡುವಿನ ಆ ವರ್ಷಗಳು ಎಷ್ಟೋ ಮನೆಗಳಲ್ಲಿ ನಿದ್ದೆ ಕೆಡಿಸಿದವು. ಹೀಗಾಗಿ ‘ಮಾನ್ಯತೆ ಇದೆಯಾ, ಫೀಸ್ ಎಷ್ಟು, ಸೆಂಟರ್ ಎಲ್ಲಿ’ ಎಂದು ಜನ ಮೊದಲು ಕೇಳುವುದು ನ್ಯಾಯವೇ. ಆದರೆ ಇವೆಲ್ಲಕ್ಕೂ ಉತ್ತರ ಸಿಕ್ಕಮೇಲೆ ಉಳಿಯುವ ಪ್ರಶ್ನೆಯನ್ನು, ಮೇಷ್ಟ್ರು ಎದುರಿಗಿಲ್ಲದೆ ಓದಿದ್ದು ತಲೆಯಲ್ಲಿ ನಿಲ್ಲುವುದು ಹೇಗೆ ಎಂಬುದನ್ನು, ಕೇಳುವವರು ಕಡಿಮೆ. ಉತ್ತರವನ್ನು ಹುಡುಕಿದವರು ಮಾತ್ರ ಇದ್ದಾರೆ.

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು. ಕೆಲವನ್ನು ಒಂದೇ ಸಲ ಓದಿಸಿ, ಹಾಳೆ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಸರಿಯೋ ತಪ್ಪೋ ಎಂದು ತಿದ್ದಿ ಕೊಡಲೂ ಇಲ್ಲ. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಗೆದ್ದಿತು: ಶೇ 81, ಬರೆದದ್ದಕ್ಕೆ ಶೇ 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ 42, ಮುಚ್ಚಿಟ್ಟು ಬರೆದದ್ದರಲ್ಲಿ ಶೇ 56.

ಇದರಲ್ಲಿ ಎರಡು ಸಂಗತಿಗಳಿವೆ. ನೆನಪನ್ನು ಹೊರಗೆಳೆಯುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ ಎಂಬುದು ಮೊದಲನೆಯದು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಎರಡನೆಯದು. ಐದು ನಿಮಿಷದ ಪರೀಕ್ಷೆಯಲ್ಲಿ ಮರು ಓದು ಗೆದ್ದದ್ದರಲ್ಲೇ ಮೋಸವಿದೆ. ಎರಡನೇ ಸಲ ಓದುವಾಗ ವಾಕ್ಯಗಳು ಪರಿಚಿತವಾಗಿ, ಸಲೀಸಾಗಿ ಸಾಗುತ್ತವೆ. ಆ ಸಲೀಸನ್ನೇ ನಾವು ‘ಬಂತು’ ಎಂದು ತಿಳಿಯುತ್ತೇವೆ. ಚುಕ್ಕಿಗೆರೆಯ ಮುಂದೆ ಪೆನ್ನು ಹಿಡಿದು ಕೂತರೆ ‘ಬಂದಿಲ್ಲ’ ಎಂಬ ಸತ್ಯ ಎದುರಾಗುತ್ತದೆ, ಅದು ಯಾರಿಗೆ ಹಿತ? ಹಾಗಾಗಿ ಪುಟ ತಿರುಗಿಸುತ್ತೇವೆ. ಇದು ನಮ್ಮ ತಾಲ್ಲೂಕುಗಳ ಸೋಮಾರಿತನ ಎನ್ನುವಂತಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ 177 ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 84 ಮಂದಿ ಟಿಪ್ಪಣಿಯನ್ನೋ ಪಠ್ಯವನ್ನೋ ಮತ್ತೆ ಮತ್ತೆ ಓದುತ್ತೇವೆ ಎಂದರು. ತಾವಾಗಿ ನೆನಪು ಮಾಡಿಕೊಂಡು ನೋಡುತ್ತೇವೆ ಎಂದವರು ಶೇ 11 ಮಾತ್ರ.

ತರಗತಿಯಲ್ಲಿ ಈ ಮೋಸವನ್ನು ಮೇಷ್ಟ್ರು ಮುರಿಯುತ್ತಾರೆ. ‘ಏಯ್, ಹಿಂದಿನ ಬೆಂಚು, ನೀನು ಹೇಳು’ ಎಂಬ ಒಂದು ಮಾತು ಸಾಕು. ಮನೆಯಲ್ಲಿ ಒಬ್ಬಳೇ ಓದುವವಳಿಗೆ ಆ ಮಾತನ್ನು ಪುಸ್ತಕ ಹೇಳಬೇಕು, ಪುಸ್ತಕ ಸೋತಲ್ಲಿ ವಿಶ್ವವಿದ್ಯಾನಿಲಯ ಹೇಳಬೇಕು. ದೂರಶಿಕ್ಷಣವನ್ನು ಅಧ್ಯಯನ ಮಾಡಿದ ಮೈಕೆಲ್ ಮೂರ್ 1970ರ ದಶಕದಿಂದ ಮುಂದಿಟ್ಟ ವಾದವೂ ಇದೇ. ಇಲ್ಲಿ ‘ದೂರ’ ಎಂದರೆ ಕಿಲೋಮೀಟರ್ ಅಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ಮಾತುಕತೆ ಎಷ್ಟು ಕಡಿಮೆಯೋ ಅಷ್ಟು ದೂರ. ಇನ್ನೂರು ಜನರ ಹಾಲ್‌ನಲ್ಲಿ ನೋಟ್ಸ್ ಬರೆಸುವ ಅಧ್ಯಾಪಕರು ಈ ಲೆಕ್ಕದಲ್ಲಿ ಬಹಳ ದೂರದವರು. ಶಿಕಾರಿಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳಗುಂದದ ಐದನೇ ಶತಮಾನದ ಸ್ತಂಭಶಾಸನದ ಪ್ರಕಾರ, ಮಯೂರಶರ್ಮ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಓದಲು ಹೋದ. ದೂರವನ್ನೇನೋ ಸವೆಸಿದ, ಆದರೆ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಕತ್ತಿ ಹಿಡಿದ. ವಿದ್ಯೆ ಕೈಬಿಟ್ಟರೂ ರಾಜ್ಯ ಕೈಹಿಡಿಯಿತು ಎಂಬುದು ಅವನ ಅದೃಷ್ಟ. ಎಲ್ಲರಿಗೂ ಹಾಗಾಗುವುದಿಲ್ಲ.

ಮಾತುಕತೆ ನಡೆಸಲು ದೂರಶಿಕ್ಷಣಕ್ಕಿರುವ ಹಳೆಯ ಸಾಧನ ಅಸೈನ್‌ಮೆಂಟ್. ಬರೆದು ಕಳಿಸು, ತಿದ್ದಿ ಕಳಿಸುತ್ತೇವೆ ಎಂಬ ಒಪ್ಪಂದ ಅದು. ಐಸಾಕ್ ಪಿಟ್ಮನ್ 1840ರಲ್ಲಿ ಇಂಗ್ಲೆಂಡಿನಲ್ಲಿ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಿದಾಗಲೂ ಶಿಷ್ಯರು ಬರೆದು ಕಳಿಸಿದ್ದನ್ನು ತಿದ್ದಿ ಹಿಂದಿರುಗಿಸುತ್ತಿದ್ದ. ಆ ವಾಪಸು ಪ್ರಯಾಣವೇ ಪಾಠ. ನಮ್ಮಲ್ಲಿ ಎಷ್ಟೋ ಕಡೆ ಅಸೈನ್‌ಮೆಂಟ್ ಒಮ್ಮುಖ ಸಂಚಾರ. ಹಿಂದಿನ ವರ್ಷದವರದನ್ನು ನೋಡಿ ಬರೆಯುವುದು, ಕೊನೆಯ ದಿನ ಕೊಟ್ಟು ಬರುವುದು, ಮುಂದೊಂದು ದಿನ ಅಂಕಪಟ್ಟಿಯಲ್ಲಿ ಅದರ ಅಂಕ ನೋಡುವುದು. ಮಧ್ಯೆ ಯಾರೂ ಏನೂ ಹೇಳಿರುವುದಿಲ್ಲ. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಶಾಲಾ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬರೀ ಅಂಕ ಪಡೆದವರಿಗಿಂತ ಬರೀ ಟಿಪ್ಪಣಿ ಪಡೆದವರು ಮುಂದಿನ ಕೆಲಸವನ್ನು ಚೆನ್ನಾಗಿ ಮಾಡಿದರು. ಅಂಕ, ಟಿಪ್ಪಣಿ ಎರಡನ್ನೂ ಒಟ್ಟಿಗೆ ಕೊಟ್ಟಾಗ ಟಿಪ್ಪಣಿಯ ಲಾಭ ಉಳಿಯಲಿಲ್ಲ. ಅಂಕ ಕಂಡ ಮೇಲೆ ಉಳಿದದ್ದನ್ನು ಓದುವವರು ಯಾರು!

ಇನ್ನು ಕಾಲದ ಪ್ರಶ್ನೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪುಸ್ತಕ ಬರೆದ. ಮರೆವು ಮೊದಮೊದಲು ಭರದಿಂದ ನಡೆದು ಆಮೇಲೆ ನಿಧಾನವಾಗುತ್ತದೆ, ಒಂದೇ ಪಟ್ಟಿನಲ್ಲಿ ಓದುವುದಕ್ಕಿಂತ ಬಿಡುವು ಕೊಟ್ಟು ಓದಿದ್ದು ಹೆಚ್ಚು ಉಳಿಯುತ್ತದೆ ಎಂದು ಆತ ಕಂಡುಕೊಂಡ. ಎಷ್ಟು ಬಿಡುವು? 2008ರಲ್ಲಿ ನಿಕೋಲಸ್ ಸೆಪೆಡ ಮತ್ತು ಸಂಗಡಿಗರು 1,350ಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿದರು. ಪರೀಕ್ಷೆ ಒಂದು ವಾರ ದೂರವಿದ್ದರೆ ಒಂದು ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು. ಪರೀಕ್ಷೆ 70 ದಿನ ಅಥವಾ 350 ದಿನ ದೂರವಿದ್ದರೆ, ಅವರು ಪರೀಕ್ಷಿಸಿದ ಅಂತರಗಳಲ್ಲಿ 21 ದಿನವೇ ಉತ್ತಮವೆನಿಸಿತು. ಸೆಮಿಸ್ಟರ್ ಪರೀಕ್ಷೆ ಬೀಳುವುದು ಇವೆರಡರ ನಡುವೆ. ಅಂದರೆ ಸುಮಾರು ಮೂರು ವಾರಕ್ಕೊಮ್ಮೆ ಹಳೆಯ ಪಾಠಕ್ಕೆ ಮರಳಬೇಕು. ಪರೀಕ್ಷೆಗೆ ಹದಿನೈದು ದಿನ ಇರುವಾಗ ‘ಪಾಸಿಂಗ್ ಪ್ಯಾಕೇಜ್’ ಹಿಡಿದು ಕೂರುವವರು ಪಾಸಾಗಬಹುದು, ಆದರೆ ಮುಂದಿನ ಸೆಮಿಸ್ಟರ್‌ಗೆ ಬರಿಗೈಯಲ್ಲಿ ಹೋಗುತ್ತಾರೆ.

ಇಲ್ಲಿ ನೀತಿ ಮಾಡುವವರು ಒಂದು ಗುಣಾಕಾರ ಮಾಡಿ ನೋಡಬೇಕು. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಅಧ್ಯಯನ. ಸೆಮಿಸ್ಟರ್‌ಗೆ 20 ಕ್ರೆಡಿಟ್ ಎಂದುಕೊಂಡರೆ 600 ಗಂಟೆ. ಆರು ತಿಂಗಳಿಗೆ ಹರಡಿದರೆ ದಿನಕ್ಕೆ ಮೂರು ಗಂಟೆಗೂ ಮಿಗಿಲು, ಭಾನುವಾರ, ಹಬ್ಬ, ಮದುವೆ ಎಲ್ಲ ಸೇರಿ. ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ವೇದ, ವ್ಯಾಕರಣ, ದರ್ಶನಗಳ ಓದಿನ ಜೊತೆಗೇ ಅನ್ನದಾನವನ್ನೂ ರೋಗಿಗಳ ಆರೈಕೆಯನ್ನೂ ಹೇಳುತ್ತದೆ. ಓದುವವರ ಹೊಟ್ಟೆಯ ಚಿಂತೆ ಅಲ್ಲಿ ಮಠದ ಪಾಲಿಗಿತ್ತು. ಇಂದು ಸೊರಬದ ಗೃಹಿಣಿ ಎಲ್ಲರಿಗೂ ಅಡುಗೆ ಮಾಡಿಟ್ಟು ಆ ಮೂರು ಗಂಟೆ ಹುಡುಕಬೇಕು. ಅಡಿಕೆ ಕೊಯ್ಲು ಶುರುವಾಯಿತೆಂದರೆ ಹಗಲು ತೋಟ, ರಾತ್ರಿ ಮೆಟ್ಟುಗತ್ತಿಯ ಮುಂದೆ ಸುಲಿಯುವ ಕೆಲಸ. ಭತ್ತದ ಕೊಯ್ಲೂ ಹೆಚ್ಚುಕಡಿಮೆ ಆಗಲೇ. ಅಸೈನ್‌ಮೆಂಟ್‌ನ ಕೊನೆಯ ದಿನಾಂಕ ಆ ತಿಂಗಳುಗಳಲ್ಲೇ ಬಿದ್ದರೆ ನಕಲು ಮಾಡದೆ ಇನ್ನೇನು ಮಾಡಿಯಾರು?

ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದೆ, ಮೊಬೈಲ್‌ನಲ್ಲಿ ಪಾಠ ಕೇಳಲಿ ಎಂಬ ಸಲಹೆ ಬರುವುದುಂಟು. ಕೈಗೆ ಪಳಗಿದ ಕೆಲಸವಾದರೆ ಕೇಳಬಹುದು, ನಿಜ. ಆದರೆ ಮುಕ್ಕಾಲು ಗಂಟೆಯ ಭಾಷಣವನ್ನು ಕೇಳುವುದೂ ಮರು ಓದಿನ ಜಾತಿಗೇ ಸೇರಿದ್ದು. ಹತ್ತು ನಿಮಿಷ ಪಾಠ, ಆಮೇಲೆ ಒಂದು ಪ್ರಶ್ನೆ, ಅರ್ಧ ನಿಮಿಷ ಮೌನ, ಆಮೇಲೆ ಉತ್ತರ. ಹೀಗೆ ಮಾಡಿದರೆ ಸುಲಿಯುತ್ತಲೇ ಆಕೆ ಬಾಯಲ್ಲಿ ಉತ್ತರ ಹೇಳಿಕೊಳ್ಳಬಹುದು. ಪಕ್ಕದಲ್ಲಿ ಕೂತ ಅತ್ತೆಯೂ ಒಂದು ಉತ್ತರ ಹೇಳಿಯಾರು.

ಯುಜಿಸಿಯ 2020ರ ನಿಯಮಗಳ ಪ್ರಕಾರ ನಿರಂತರ ಮೌಲ್ಯಮಾಪನಕ್ಕೆ ಗರಿಷ್ಠ ಶೇ 30, ಅಂತಿಮ ಪರೀಕ್ಷೆಗೆ ಕನಿಷ್ಠ ಶೇ 70. ಈ ಅನುಪಾತದ ಬಗ್ಗೆ ನನಗೆ ತಕರಾರಿದ್ದರೂ, ಇರುವ 30ರಲ್ಲೇ ಬಹಳಷ್ಟು ಮಾಡಬಹುದು. ಒಂದೇ ದೊಡ್ಡ ಅಸೈನ್‌ಮೆಂಟ್ ಬದಲು ಮೂರು ವಾರಕ್ಕೊಂದು ಅರ್ಧ ಪುಟದ ಉತ್ತರ ಕೇಳಲಿ. ಅದರಲ್ಲೊಂದು ಪ್ರಶ್ನೆ ಹಿಂದಿನ ಘಟಕದ್ದಿರಲಿ. ಕೊಯ್ಲಿನ ತಿಂಗಳಲ್ಲಿ ಒಂದು ಕಂತು ಬಿಡುವ ಅವಕಾಶವಿರಲಿ. ಮೊದಲೆರಡು ಉತ್ತರಗಳಿಗೆ ಅಂಕ ಹಾಕದೆ ಎರಡು ಸಾಲಿನ ಟಿಪ್ಪಣಿಯಷ್ಟೇ ಬರೆದು ಹತ್ತು ದಿನದೊಳಗೆ ಹಿಂದಿರುಗಿಸಲಿ. ಖರ್ಚು ಬೀಳುವುದು ಈ ಕೊನೆಯ ಕೆಲಸಕ್ಕೆ. ಸಾವಿರಾರು ಅರ್ಧ ಪುಟಗಳನ್ನು ಯಾರಾದರೂ ಕೂತು ಓದಬೇಕು. ಶಿಕಾರಿಪುರ, ಸೊರಬಗಳಲ್ಲೇ ಸರ್ಕಾರಿ ಪದವಿ ಕಾಲೇಜುಗಳಿವೆ, ಅಲ್ಲಿ ಅತಿಥಿ ಉಪನ್ಯಾಸಕರಿದ್ದಾರೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಒಂದಕ್ಕಿಷ್ಟು ಎಂದು ಸಂಭಾವನೆ ಕೊಡುವ ಹಾಗೆ ಈ ಅರ್ಧ ಪುಟಕ್ಕೂ ಒಂದು ದರ ಗೊತ್ತುಮಾಡಿ, ಅದನ್ನು ಬಜೆಟ್‌ನಲ್ಲಿ ಕಟ್ಟಡದ ಬಾಬ್ತಿಗಿಂತ ಮೊದಲು ಬರೆಯಬೇಕು.